ಹೊನ್ನೆಗುಡ್ಡದ ರೀವ ಯಾಕೆ ಸುಮ್ಮನಿರುವುದಿಲ್ಲ

ಕಡಲಿಗೆ ಉಪ್ಪು ಬಿದ್ದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ದಡ ಎಲ್ಲಿದೆ ಅಂತ ಅಲೆಗಳಿಗೆ ಸರಿಯಾಗಿ ಗೊತ್ತಿರಲಿಲ್ಲ, ಹುಡುಕಿಕೊಂಡು ಬರುತ್ತಿದ್ದವು. ಆಗ ಮನುಷ್ಯರು, ಹಕ್ಕಿಗಳು, ಗಾಳಿ ಎಲ್ಲರೂ ಕೂತು ಮಾತಾಡಬಹುದಿತ್ತು. ಹಾಗಂತ ಆಡಬೇಕಾದ ಮಾತನ್ನೆಲ್ಲ ಆಡಿಬಿಡುತ್ತಿದ್ದರು ಅಂದುಕೊಳ್ಳಬೇಡಿ. ಆಡದೆ ಉಳಿದ ಒಂದು ಮಾತಿನದೇ ಈ ಕಥೆ.

ದಡದಿಂದ ಒಂದು ಹಗಲಿಡೀ ಹುಟ್ಟು ಹಾಕಿದರೆ ಸಿಗುವಷ್ಟು ದೂರದಲ್ಲಿ ಒಂದು ದ್ವೀಪ. ಅದರ ಹೆಸರು ಹೊನ್ನೆಗುಡ್ಡ. ಗುಡ್ಡದ ತುಂಬ ಹೊನ್ನೆ ಮರ, ಮರದ ತುಂಬ ರೀವ ಹಕ್ಕಿಗಳ ಗೂಡು. ರೀವ ಅಂದರೆ ಬೆಳ್ಳಗೆ ತೆಳ್ಳಗಿನ, ಕವಲು ಬಾಲದ ಕಡಲಹಕ್ಕಿ. ಅದರಷ್ಟು ಮೆತ್ತಗಿನ ಹಕ್ಕಿ ಆಗ ಇನ್ನೊಂದಿರಲಿಲ್ಲ. ಕೂಗುವುದು ಅದಕ್ಕೆ ಗೊತ್ತೇ ಇರಲಿಲ್ಲ, ಪಿಸುಗುಟ್ಟುತ್ತಿತ್ತು ಅಷ್ಟೆ. ಮೊಟ್ಟೆಯೋ, ಒಂದು ಚುಕ್ಕೆಯೂ ಇಲ್ಲದಷ್ಟು ಬಿಳಿ.

ಆ ದ್ವೀಪದಲ್ಲಿ ಅಣ್ಣ ತಮ್ಮ ಇಬ್ಬರೇ ಇದ್ದರು. ಅಣ್ಣ ಜಟ್ಟಪ್ಪನಿಗೆ ಹುಟ್ಟಿನಿಂದಲೇ ಒಂದು ಕಾಲು ಸೊಟ್ಟ, ದೋಣಿಯಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ತಮ್ಮ ಕುಪ್ಪ ಮೀನಿಗೆ ಹೋಗುತ್ತಿದ್ದ. ಸಂಜೆಯಾದರೆ ಜಟ್ಟಪ್ಪ ಗುಡ್ಡದ ನೆತ್ತಿಯಲ್ಲಿ ಬೆಂಕಿ ಹಾಕಬೇಕು. ಅದನ್ನು ನೋಡಿಕೊಂಡು ಕುಪ್ಪ ಬಂಡೆಗಳ ನಡುವೆ ದಾರಿ ಹಿಡಿದು ಬರಬೇಕು.

ಅವರಿಗೆ ಎರಡು ಕಟ್ಟಳೆ. ಗೂಡಿರುವ ಹಸಿ ಮರಕ್ಕೆ ಕೊಡಲಿ ಹಾಕುವಂತಿಲ್ಲ, ಕಡಲು ತಂದು ಎಸೆದ ಒಣ ಕಟ್ಟಿಗೆಯನ್ನೇ ಉರಿಸಬೇಕು. ಇನ್ನೊಂದು, ದೋಣಿಗಾಗಿ ಹಚ್ಚಿದ ಬೆಂಕಿಯನ್ನು ದೋಣಿಯವನೇ ಬಂದು ಆರಿಸಬೇಕು. ಬೇರೆ ಯಾರೂ ನೀರು ಹಾಕಬಾರದು.

ಒಂದು ದಿನ ಮಧ್ಯಾಹ್ನವೇ ಮಳೆ ಹಿಡಿಯಿತು. ಕಟ್ಟಿಗೆಯೆಲ್ಲ ನೆನೆದು ತೊಪ್ಪೆಯಾಯಿತು. ಜಟ್ಟಪ್ಪ ಊದಿದ, ಊದಿದ, ಕಣ್ಣು ಕೆಂಪಾದರೂ ಬೆಂಕಿ ಹತ್ತಲಿಲ್ಲ. ಹೊನ್ನೆ ಎಣ್ಣೆಯ ಮರ, ಹಸಿಯಾದರೂ ಹತ್ತಿಕೊಳ್ಳುತ್ತದೆ. ಅವನು ಕೊಡಲಿ ಎತ್ತಿದ. ಮೇಲೆ ನೋಡಿದ. ಗೂಡಿನಲ್ಲಿದ್ದ ರೀವ ಅವನನ್ನೇ ನೋಡುತ್ತಿತ್ತು.

“ಇನ್ನೊಂದು ಗಳಿಗೆ ನೋಡ್ವ. ಮಳೆ ಬಿಟ್ರೂ ಬಿಟ್ಟೀತು” ಅಂದುಕೊಂಡು ಕೊಡಲಿ ಇಳಿಸಿದ.

ಮಳೆ ಬಿಡಲಿಲ್ಲ. ಆ ಸಂಜೆ ಹೊನ್ನೆಗುಡ್ಡದಲ್ಲಿ ಬೆಂಕಿ ಕಾಣಲಿಲ್ಲ. ಕುಪ್ಪ ಬರಲಿಲ್ಲ.

ಬೆಳಗಾದ ಮೇಲೆ ಜಟ್ಟಪ್ಪ ಅದೇ ರೀವವನ್ನು ಕೇಳಿದ. “ರೀವಕ್ಕಾ, ನೀನು ದೂರ ದೂರ ಹಾರಿ ಹೋಗ್ತಿ. ನಮ್ಮ ಕುಪ್ಪನ್ನ ಕಂಡ್ಯಾ?”

ರೀವ ಕಂಡಿತ್ತು. ಬಂಡೆಗೆ ಬಡಿದು ಮಗುಚಿದ ದೋಣಿಯನ್ನು ಕಂಡಿತ್ತು. ಅಲೆಗಳು ಕುಪ್ಪನನ್ನು ಮೆಲ್ಲಗೆ ಒಯ್ದದ್ದನ್ನೂ ಕಂಡಿತ್ತು. ಆದರೆ ಜಟ್ಟಪ್ಪನ ಮುಖ ನೋಡಿ ಅದರ ಬಾಯಿ ಕಟ್ಟಿಹೋಯಿತು.

“ಕಾಣ್ಲಿಲ್ಲ” ಅಂತ ಪಿಸುಗುಟ್ಟಿತು.

ಕಾಣಲಿಲ್ಲ ಅಂದರೆ ಎಲ್ಲೋ ಇದ್ದಾನೆ ಅಂತ ಜಟ್ಟಪ್ಪ ತಿಳಿದ. ಪಾಪ, ಇನ್ನೇನು ತಿಳಿದಾನು? ಮಳೆ ನಿಂತಿರಲಿಲ್ಲ, ಕಟ್ಟಿಗೆ ಒಣಗಿರಲಿಲ್ಲ. ಕಟ್ಟಳೆ ಮುರಿದು ಆ ಸಂಜೆ ಒಂದು ಮರ ಕಡಿದ. ಬೆಂಕಿ ಹಾಕಿದ. ಕಾದ. ದೋಣಿ ಬರಲಿಲ್ಲ.

ಮರುದಿನ ಇನ್ನೊಂದು ಮರ ಕಡಿದ. ಬೆಂಕಿ ಹಾಕಿದ. ಕಾದ. ದೋಣಿ ಬರಲಿಲ್ಲ.

ಗಾಳಿ ಬಂದು ಹೇಳಿತು, “ಸಾಕು ಮಾರಾಯ. ನಾನು ಆಡ್ಲಿಕ್ಕೆ ನಾಲ್ಕು ಎಲೆಯಾದ್ರೂ ಬಿಡು.”

“ತಮ್ಮ ಬರ್ಲಿ, ಬಿಡ್ತೆ” ಅಂದ ಜಟ್ಟಪ್ಪ. ಮತ್ತೊಂದು ಮರ ಕಡಿದ.

ದಿನಗಳು ಕಳೆದವು. ಗುಡ್ಡ ಬೋಳಾಗುತ್ತ ಬಂತು. ಗೂಡು ಕಳೆದುಕೊಂಡ ಹಕ್ಕಿಗಳು ಬಂಡೆಯ ಮೇಲೆ ಸುಮ್ಮನೆ ಕೂತವು. ರೀವ ದಿನವೂ ನೋಡುತ್ತಿತ್ತು. ಇವತ್ತು ಹೇಳಬೇಕು ಅಂದುಕೊಳ್ಳುತ್ತಿತ್ತು. ಹೇಳುತ್ತಿರಲಿಲ್ಲ. ತಡವಾದಷ್ಟೂ ಆ ಮಾತು ಭಾರವಾಯಿತು.

ಕೊನೆಗೆ ಒಂದೇ ಮರ ಉಳಿಯಿತು, ಆ ರೀವದ ಮರ. ಗೂಡಿನಲ್ಲಿ ಎರಡು ಮೊಟ್ಟೆ ಇದ್ದವು. ಸಂಜೆ ಜಟ್ಟಪ್ಪ ಕೊಡಲಿ ಹಿಡಿದು ಕುಂಟುತ್ತ ಬಂದ.

“ನಿಲ್ಲು ಜಟ್ಟಪ್ಪ” ಅಂತು ರೀವ. “ಕುಪ್ಪ ಬರೂದಿಲ್ಲ. ಮೊದಲನೇ ದಿನವೇ ನಾ ಕಂಡಿದ್ದೆ. ದೋಣಿ ಮಗುಚಿತ್ತು. ಅವನು ಹೋಗಿಬಿಟ್ಟ.”

ಜಟ್ಟಪ್ಪ ಬೈಯಲಿಲ್ಲ. ಕೂತುಬಿಟ್ಟ.

“ಎಂತಕ್ಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀ ಅಳ್ತಿದ್ದೆ.”

“ಹೌದು, ಅಳ್ತಿದ್ದೆ. ಅತ್ತು, ಸ್ನಾನ ಮಾಡಿ, ಅವನ ಹೆಸರಲ್ಲಿ ಒಂದು ಹಿಡಿ ಅನ್ನ ಇಡ್ತಿದ್ದೆ. ನನ್ನ ತಮ್ಮನಿಗೆ ಅದೂ ಆಗ್ಲಿಲ್ಲ. ಇಷ್ಟೂ ಮರ ಹೋಯ್ತು.”

ಹಿಂದಿನ ದಿನದ ಬೆಂಕಿ ಕೆಂಡವಾಗಿ ಕುಸಿಯುತ್ತಿತ್ತು.

ಆಗ ಕಡಲ ಕಡೆಯಿಂದ ಕೂಗು ಕೇಳಿತು. ಜಟ್ಟಪ್ಪ ದಡಕ್ಕನೆ ಎದ್ದ. ಅಲೆ ಏದುಸಿರು ಬಿಡುತ್ತ ಹೇಳಿತು, “ಬೇರೆ ಊರಿನ ದೋಣಿ. ಐದು ಜನ ಇದ್ದಾರೆ. ದಾರಿ ಕಾಣ್ದೆ ಬಂಡೆ ಕಡೆಗೇ ಬರ್ತಿದ್ದಾರೆ.”

ಜಟ್ಟಪ್ಪ ಮರ ನೋಡಿದ, ಗೂಡು ನೋಡಿದ. ಕೊಡಲಿ ಎತ್ತಲು ಅವನಿಗೆ ಕೈ ಬರಲಿಲ್ಲ.

“ಮೊಟ್ಟೆ ಇಳಿಸು. ಕಡಿ” ಅಂತು ರೀವ. “ಅವರೂ ಯಾರದೋ ತಮ್ಮಂದಿರು.”

ಅವನು ಎರಡು ಮೊಟ್ಟೆಯನ್ನೂ ಬೊಗಸೆಯಲ್ಲಿ ತಂದು ಬರಿ ಬಂಡೆಯ ಮೇಲೆ ಇಟ್ಟ. ಕೊನೆಯ ಹೊನ್ನೆ ಮರ ಉರುಳಿತು, ಧಗಧಗ ಉರಿಯಿತು. ಬೂದಿ, ಮಸಿ ಹಾರಿ ಬಂದು ಬಿಳಿ ಮೊಟ್ಟೆಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಕೂತವು. ಮತ್ತೆ ಹೋಗಲೇ ಇಲ್ಲ.

ದೋಣಿ ದಡಕ್ಕೆ ಹತ್ತಿತು. ಐದೂ ಜನ ಇಳಿದರು. ಜಟ್ಟಪ್ಪ ಕೊಳ್ಳಿ ಹಿಡಿದು ಒಬ್ಬೊಬ್ಬರ ಮುಖ ನೋಡಿದ. ಕುಪ್ಪ ಇರುವುದಿಲ್ಲ ಅಂತ ಗೊತ್ತಿತ್ತು. ಆದರೂ ಐದನೆಯವನ ಮುಖದವರೆಗೂ ನೋಡಿದ.

ಬೆಳಿಗ್ಗೆ ಅವರಲ್ಲೊಬ್ಬ ಮುದುಕ ಬೆಂಕಿಗೆ ನೀರು ಹಾಕಲು ಹೋದ. ಜಟ್ಟಪ್ಪ ಅವನ ಕೈ ಹಿಡಿದ. “ಬೇಡ ಅಜ್ಜ. ಅದನ್ನು ಆರಿಸಬೇಕಾದವನು ಬರ್ಲಿಲ್ಲ.”

ಆ ಬೆಂಕಿ ಆರದಂತೆ ಉರಿಸಲು ಕಟ್ಟಿಗೆ ಇರಲಿಲ್ಲ. ಆ ಐದು ಜನ ದಡದಿಂದ ಎಣ್ಣೆ ತಂದರು, ಗಾಳಿಗೆ ಅಡ್ಡವಾಗಿ ಕಲ್ಲು ಜೋಡಿಸಿದರು. ಅವರ ಮಕ್ಕಳು ಇನ್ನಷ್ಟು ಜೋಡಿಸಿದರು, ಮೊಮ್ಮಕ್ಕಳು ಇನ್ನಷ್ಟು. ಹಾಗೆ ದೀಪಸ್ತಂಭ ಎದ್ದಿತು. ಅದರ ದೀಪ ಒಂದು ಸಂಜೆಯೂ ತಪ್ಪಿಲ್ಲ. ಹೊನ್ನೆಗುಡ್ಡದಲ್ಲಿ ಹೊನ್ನೆ ಮರ ಮಾತ್ರ ಮತ್ತೆ ಬೆಳೆಯಲಿಲ್ಲ.

ರೀವ ಆಮೇಲೆ ಗೂಡು ಕಟ್ಟಲಿಲ್ಲ. ಬರಿ ಬಂಡೆಯ ಮೇಲೆ ಚುಕ್ಕೆ ಮೊಟ್ಟೆ ಇಡುತ್ತ ಬಂತು. ಮರಿಗಳಿಗೆ ಅದು ಕಲಿಸಿದ್ದು ಇಷ್ಟೇ: “ಕಂಡದ್ದನ್ನು ಕಂಡ ಕೂಡ್ಲೇ ಹೇಳಿ. ಗಟ್ಟಿಯಾಗಿ ಹೇಳಿ.”

ಈಗ ಆ ದ್ವೀಪ ಹಕ್ಕಿಗಳದ್ದು. ದೀಪ ಹಚ್ಚುವವರ ಹೊರತು ಬೇರೆ ಮನುಷ್ಯರು ಅಲ್ಲಿ ಇಳಿಯುವಂತಿಲ್ಲ. ನಿಮ್ಮ ದೋಣಿ ದೂರದಲ್ಲಿ ಕಂಡರೂ ಸಾಕು, ರೀವಗಳು ದೀಪಸ್ತಂಭದ ಸುತ್ತ ಎದ್ದು, ತಲೆಯ ಮೇಲೆ ಬಂದು, ಗಂಟಲು ಹರಿಯುವ ಹಾಗೆ ಕಿರುಚುತ್ತವೆ. ಜಟ್ಟಪ್ಪನಿಗೆ ಆ ಬೆಳಿಗ್ಗೆ ಹೇಳದೆ ಹೋದದ್ದನ್ನು ಅವು ಇವತ್ತಿಗೂ ಹೇಳಿ ಮುಗಿಸಿಲ್ಲ.