ಹೊಂಗೆಮರ ಎಲೆ ಉದುರಿಸಲು ಕಲಿತದ್ದು

ಲೋಕಕ್ಕೆ ಇನ್ನೂ ಹಾಲುಹಲ್ಲು ಬೀಳದ ಕಾಲ ಅದು, ಮಗು. ಬೆಟ್ಟಗಳು ಇನ್ನೂ ಮೆತ್ತಗಿದ್ದವು. ಗಾಳಿ ಮನೆಮನೆಗೆ ಬಂದು ಜಗಲಿಯ ಮೇಲೆ ಕೂತು ಮಾತಾಡುತ್ತಿತ್ತು. ಮರಗಳಿಗೆ ಎಲೆ ಉದುರಿಸುವುದು ಗೊತ್ತೇ ಇರಲಿಲ್ಲ. ಹುಟ್ಟಿದ ಎಲೆ ಹುಟ್ಟಿದಲ್ಲೇ ಇರುತ್ತಿತ್ತು, ತಾಯಿಯ ಸೊಂಟ ಬಿಡದ ಕೂಸಿನ ಹಾಗೆ.

ಆಗ ಬಯಲುಸೀಮೆಯ ಒಂದು ಊರಿನಲ್ಲಿ ದ್ಯಾವಕ್ಕ ಎಂಬುವಳಿದ್ದಳು. ಅವಳಿಗೆ ಒಬ್ಬಳೇ ಮಗಳು, ಸಿರಿಯವ್ವ. ಮನೆಯ ಹಿಂದೆ ಪುಟ್ಟ ಹಿತ್ತಿಲು. ಅಲ್ಲಿ ಬದನೆ, ಬಸಳೆ, ಒಂದು ಮಲ್ಲಿಗೆ ಬಳ್ಳಿ. ಮಲ್ಲಿಗೆಯನ್ನು ನೆಟ್ಟವಳು ಸಿರಿಯವ್ವ. ಹಿತ್ತಿಲಿನ ಅಂಚಿಗೆ ಒಂದು ಹೊಂಗೆಮರ.

ಸಿರಿಯವ್ವನಿಗೆ ಮದುವೆಯಾಯಿತು. ಗಂಡನ ಊರು ಬೆಟ್ಟಸಾಲಿನ ಆಚೆ. ಹೊರಡುವಾಗ ಅವಳು ಮಲ್ಲಿಗೆಯ ಬುಡಕ್ಕೆ ಒಂದು ತಂಬಿಗೆ ನೀರು ಹೊಯ್ದು, "ಅವ್ವಾ, ಇದನ್ನ ನೋಡ್ಕೋ" ಅಂದಳು. 

ಅಂದಿನಿಂದ ದ್ಯಾವಕ್ಕ ಬೆಳಗಾದರೆ ಹಿತ್ತಿಲಿಗೆ ಹೋಗುವಳು. ಮಲ್ಲಿಗೆಯನ್ನು ನೋಡುವಳು. ಆಮೇಲೆ ಬೆಟ್ಟದ ದಾರಿಯನ್ನು ನೋಡುವಳು.

ಆ ವರ್ಷ ಮಳೆ ಸಮುದ್ರದ ಮನೆಗೆ ಹೋಗಿದ್ದು ಅಲ್ಲೇ ಮೈಮರೆಯಿತು. ಬಾವಿ ತಳ ಕಂಡಿತು. ದ್ಯಾವಕ್ಕ ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು, ಎಲ್ಲವನ್ನೂ ಹಿತ್ತಿಲಿಗೇ ಹೊಯ್ದಳು. ಗಿಡಗಳ ಸುತ್ತ ಪಾತಿ ಮಾಡಿ ನೀರು ನಿಲ್ಲಿಸಿದಳು. ಬೆಳಿಗ್ಗೆ ಹೊಯ್ದರೆ ಮಧ್ಯಾಹ್ನಕ್ಕೆ ಮಣ್ಣು ಬಿರುಕು.

"ಎಲ್ಲಾ ನೀನೇ ಕುಡಿದುಬಿಟ್ಯಾ?" ಎಂದು ಮಣ್ಣನ್ನು ಕೇಳಿದಳು.

"ನನ್ನ ಗಂಟಲಿಗೆ ಇಳಿಯೋದಕ್ಕೆ ಮುಂಚೆ ಸೂರ್ಯಪ್ಪ ಹೀರಿಬಿಡ್ತಾನೆ, ಅಕ್ಕ. ಮೈಮೇಲೆ ಒಂದು ಅರಿವೆಯಾದರೂ ಇದ್ದಿದ್ದರೆ..." ಎಂದಿತು ಮಣ್ಣು.

ಅದೇ ಹೊತ್ತಿಗೆ ಬೆಟ್ಟದ ಆಚೆಯಿಂದ ಗಾಳಿ ಬಂದು ಜಗಲಿಯ ಮೇಲೆ ಕೂತಿತು.

"ದ್ಯಾವಕ್ಕಾ, ಮಗಳು ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಬರ್ತಾಳಂತೆ. ಈಗ ದಾರೀಲಿ ಒಂದು ಗುಟುಕು ನೀರಿಲ್ಲ, ಮಳೆ ಬಿದ್ದ ಮೇಲೆ ಬರ್ತಾಳೆ. 'ನನ್ನ ಮಲ್ಲಿಗೆ ಹೆಂಗಿದೆ' ಅಂತ ಕೇಳಿದಳು. ಏನು ಹೇಳಲಿ?"

ದ್ಯಾವಕ್ಕ ಬಳ್ಳಿಯ ಕಡೆ ನೋಡಿದಳು. ಅರ್ಧ ಹಳದಿಯಾಗಿತ್ತು. ಸುಳ್ಳು ಹೇಳಲು ಮನಸ್ಸಿಲ್ಲ, ನಿಜ ಹೇಳಲು ಧೈರ್ಯವಿಲ್ಲ.

"ನಾಳೆ ಬಾ, ಹೇಳ್ತೀನಿ" ಅಂದಳು.

ಗಾಳಿ ಹೋದ ಮೇಲೆ ಅವಳು ಒಳಗಿನಿಂದ ತನ್ನ ಇನ್ನೊಂದು ಸೀರೆಯನ್ನು ತಂದಳು. ಇದ್ದದ್ದು ಎರಡೇ. ಮಲ್ಲಿಗೆಯ ಪಾತಿಗೆ ನೀರು ಹೊಯ್ದು, ಸೀರೆಯನ್ನು ಮಡಚಿ ಅದರ ಮೇಲೆ ಹೊದಿಸಿದಳು. ಸಂಜೆ ಸೀರೆಯ ಅಡಿಗೆ ಕೈಯಿಟ್ಟು ನೋಡಿದರೆ ಮಣ್ಣು ಇನ್ನೂ ತಣ್ಣಗೆ, ತೇವವಾಗಿ ಇತ್ತು! ಆದರೆ ಬದನೆಗೆ ಏನು ಹೊದಿಸುವುದು? ಬಸಳೆಗೆ? ದ್ಯಾವಕ್ಕ ಉಟ್ಟ ಸೀರೆಯ ಸೆರಗನ್ನು ಹಿಡಿದುಕೊಂಡು ಅಲ್ಲೇ ಕೂತಳು.

ಹೊಂಗೆಮರ ಇದನ್ನೆಲ್ಲ ನೋಡುತ್ತಿತ್ತು.

"ಅಕ್ಕಾ, ನಿನ್ನ ಸೀರೆ ತಕ್ಕೋ. ಹೊದಿಸೋಕೆ ನನ್ನ ಹತ್ತಿರ ಇದೆ" ಅಂದಿತು.

ಎಲೆಗಳು ಬೆದರಿದವು. "ಅವ್ವಾ, ಕೆಳಗೆ ಹೋದರೆ ಮತ್ತೆ ನಿನ್ನ ಹತ್ತಿರ ಬರ್ತೀವಾ?"

ಅಲ್ಲಿಯವರೆಗೆ ಒಂದು ಎಲೆಯೂ ಉದುರಿರಲಿಲ್ಲವಲ್ಲ, ಮರಕ್ಕಾದರೂ ಹೇಗೆ ಗೊತ್ತು?

"ಗೊತ್ತಿಲ್ಲ ಮಕ್ಕಳಾ" ಎಂದಿತು ಹೊಂಗೆ. ಹಾಗೆಂದು ಮೈ ಕೊಡವಿತು.

ಎಲೆಗಳು ಬಿದ್ದವು. ಸುರಿದವು, ಸುರಿದವು, ಹಿತ್ತಿಲೆಲ್ಲ ತುಂಬಿತು. ದ್ಯಾವಕ್ಕ ಬಾಚಿ ಬಾಚಿ ಮಲ್ಲಿಗೆಯ ಬುಡಕ್ಕೆ, ಬದನೆಯ ಬುಡಕ್ಕೆ, ಬಸಳೆಯ ಬುಡಕ್ಕೆ ದಪ್ಪನಾಗಿ ಹಾಸಿದಳು. ಆಮೇಲೆ ಬೋಳು ಮರವನ್ನು ತಬ್ಬಿಕೊಂಡಳು.

"ಎಂಥ ಕೆಲಸ ಮಾಡಿದೆ ನನ್ನವ್ವಾ. ನಿನ್ನ ಮಕ್ಕಳು!"

"ಮಗಳನ್ನ ಕಳಿಸಿಕೊಟ್ಟೋಳು ನೀನೂ ಅಲ್ವಾ" ಎಂದಿತು ಹೊಂಗೆ.

ಮಾರನೆಯ ದಿನ ಗಾಳಿ ಬಂದಾಗ ದ್ಯಾವಕ್ಕ, "ಮಲ್ಲಿಗೆ ಬದುಕುತ್ತೆ ಅಂತ ಹೇಳು" ಅಂದಳು.

ಅಲ್ಲಿಂದ ಮುಂದೆ ಹಿತ್ತಿಲಲ್ಲಿ ಕಾಯುವವರು ಇಬ್ಬರಾದರು. ಒಬ್ಬಳು ದಾರಿ ನೋಡುತ್ತಿದ್ದಳು. ಇನ್ನೊಬ್ಬಳು ನೆಲ ನೋಡುತ್ತಿದ್ದಳು.

ಹೊಂಗೆ ದಿನವೂ ತನ್ನ ಎಲೆಗಳನ್ನು ಕೂಗುತ್ತಿತ್ತು. ಮೊದಮೊದಲು ಅವು ಸರಸರ ಎಂದು ಓಗೊಡುತ್ತಿದ್ದವು. ಬರಬರುತ್ತ ಮುದುರಿದವು, ಕಪ್ಪಾದವು, ಪುಡಿಯಾದವು. ಒಂದು ದಿನ ಎಷ್ಟು ಕೂಗಿದರೂ ಉತ್ತರ ಬರಲಿಲ್ಲ. ಹೊಂಗೆ ಕೂಗುವುದನ್ನು ನಿಲ್ಲಿಸಿತು.

ಆದರೆ ಕೆಳಗೆ ಮಣ್ಣು ಸುಮ್ಮನಿರಲಿಲ್ಲ. ಎಲೆಯ ಪುಡಿಯನ್ನು ತೇವದಲ್ಲಿ ಕಲಸಿ, ಒಳಕ್ಕೆ ಎಳೆದುಕೊಂಡು, ಹೊಂಗೆಯ ಬೇರಿಗೆ ತುತ್ತು ತುತ್ತಾಗಿ ಉಣಿಸಿತು.

ಕಲ್ಲು ಕಾದು ಸಿಡಿಯುವಂಥ ನಡು ಬೇಸಿಗೆ. ಆ ಹಿತ್ತಿಲು ಬಿಟ್ಟರೆ ಊರಲ್ಲಿ ಹಸಿರೆಂಬುದೇ ಇಲ್ಲ. ಅಂಥ ಬಿಸಿಲಲ್ಲಿ ಹೊಂಗೆಯ ಕೊಂಬೆಗಳ ತುದಿಯಲ್ಲಿ ನವಿರಾಗಿ ಕಚಗುಳಿಯಾಯಿತು. ಮಿರಮಿರ ಮಿಂಚುವ ಎಳೆಯ ಚಿಗುರು!

"ಅವ್ವಾ" ಎಂದವು ಚಿಗುರುಗಳು.

"ನೀವು ಅವರೇನಾ?" ಎಂದು ಕೇಳಿತು ಹೊಂಗೆ. "ನಾನು ಕಳಿಸಿದ ಮಕ್ಕಳೇನಾ?"

ಚಿಗುರುಗಳು ಮುಖ ಮುಖ ನೋಡಿಕೊಂಡವು. "ನಮಗೆ ಗೊತ್ತಿಲ್ಲವ್ವ. ಮಣ್ಣಿನ ವಾಸನೆ ಒಂದೇ ನೆನಪಿದೆ."

ಕೊನೆಗೂ ಮಳೆಗೆ ಊರು ನೆನಪಾಯಿತು. ಮಳೆಯ ಹಿಂದೆಯೇ ಸಿರಿಯವ್ವ ಬಂದಳು, ತುಂಬಿದ ಬಸುರಿ, ಕಾಲೆಲ್ಲ ಕೆಸರು. ಒಳಗೂ ಹೋಗದೆ ನೇರ ಹಿತ್ತಿಲಿಗೆ ನಡೆದಳು. ಮಲ್ಲಿಗೆಯಲ್ಲಿ ಹಿಡಿಯಷ್ಟು ಮೊಗ್ಗು ಬಿರಿದಿತ್ತು. ದ್ಯಾವಕ್ಕ ಅದನ್ನು ಬಿಡಿಸಿ, ಕಟ್ಟಿ, ಮಗಳ ಜಡೆಗೆ ಮುಡಿಸಿದಳು. ಇಬ್ಬರೂ ಹೊಂಗೆಯ ನೆರಳಲ್ಲಿ ಕೂತರು.

ಹೊಂಗೆ ಅವರನ್ನು ನೋಡಿತು. ತನ್ನ ಹೊಸ ಎಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿತು. ತಾನು ಕಳಿಸಿದ ಮಕ್ಕಳೇ ಇರಬಹುದು ಅನ್ನಿಸಿತು. ಅಲ್ಲವೇನೋ ಅಂತಲೂ ಅನ್ನಿಸಿತು.

ಇವತ್ತಿಗೂ ಅದಕ್ಕೆ ಖಾತ್ರಿಯಿಲ್ಲ, ಮಗು. ಅದಕ್ಕೇ ವರ್ಷವರ್ಷವೂ ಬೇಸಿಗೆಯ ಬಾಗಿಲಲ್ಲಿ ಹೊಂಗೆಮರ ಎಲೆಯನ್ನೆಲ್ಲ ಮಣ್ಣಿಗೆ ಹೊದಿಸಿ ಬೋಳಾಗಿ ನಿಲ್ಲುತ್ತದೆ, ನಾವು ಆ ತರಗನ್ನು ಸುಡದೆ ಗಿಡಗಳ ಬುಡಕ್ಕೆ ಹಾಕುತ್ತೇವೆ, ಮತ್ತೆ ಉರಿಬಿಸಿಲಿನಲ್ಲಿ ಊರೆಲ್ಲ ಒಣಗಿ ಕೂತಾಗ ಅದು ಮೈತುಂಬ ಚಿಗುರಿ, ಒಂದೊಂದು ಎಲೆಯನ್ನೂ ಗಾಳಿಯಲ್ಲಿ ತಿರುಗಿಸಿ ತಿರುಗಿಸಿ, ಹೋದ ಮಕ್ಕಳೇ ಬಂದರಾ ಅಂತ ಮುಖ ನೋಡುತ್ತಿರುತ್ತದೆ.