ಬೋರಲಿಂಗ ಆಪರೇಷನ್ ಮಾಡಿಸಿಕೊಂಡದ್ದು

ದ್ಯಾವೀರಮ್ಮನಿಗೆ ಒಬ್ಬನೇ ಮಗ, ಬೋರಲಿಂಗ. "ಹಾಲು ಉಕ್ಕುತ್ತೆ, ನೋಡ್ಕೊಳ್ಳೋ" ಅಂದರೆ ಒಲೆ ಮುಂದೆ ಕೂತು ಉಕ್ಕೋದನ್ನ ಕಣ್ತುಂಬ ನೋಡಿ, "ನೋಡಿದೆ ಕಣವ್ವ, ಚೆನ್ನಾಗಿ ಉಕ್ಕಿತು" ಅನ್ನೋನು. ತಾಯಿ ಹಣೆ ಹಣೆ ಚಚ್ಚಿಕೊಳ್ಳೋಳು.

ಇಂಥವನಿಗೂ ಮದುವೆಯಾಯ್ತು. ಹೆಂಡತಿ ತಿಪ್ಪಕ್ಕ. ಮೂರನೇ ಹೆರಿಗೆಯಲ್ಲಿ ಅವಳು ಸತ್ತು ಬದುಕಿದಳು.

ನರ್ಸಮ್ಮ ಅಂದಳು: "ಇನ್ನೊಂದು ಬಸುರಾದ್ರೆ ಈಕೆ ಉಳಿಯಲ್ಲ. ಇಬ್ಬರಲ್ಲಿ ಒಬ್ಬರು ಆಪರೇಷನ್ ಮಾಡಿಸ್ಕೊಳ್ಳಿ. ಗಂಡಸಿಂದು ಸುಲಭ, ಹೊಟ್ಟೆ ಕೊಯ್ಯಲ್ಲ, ಅವತ್ತೇ ಮನೆಗೆ."

"ಗಂಡಸಿಗಾ? ಶಿವ ಶಿವಾ! ಸೊಸೆಗೇ ಮಾಡಿ!" ಅಂದಳು ದ್ಯಾವೀರಮ್ಮ.

"ನನ್ನ ಮೈಯಲ್ಲಿ ಕೊಯ್ಯೋಕೆ ಇನ್ನೇನು ಉಳಿದಿದೆ, ಅತ್ತೆ?" ಅಂದಳು ತಿಪ್ಪಕ್ಕ.

ಬೋರಲಿಂಗ ಅವಳ ಮುಖ ನೋಡಿದ. "ನಾನೇ ಮಾಡಿಸ್ಕೋತೀನಿ."

"ಒಮ್ಮೆ ಮಾಡಿಸಿದ್ರೆ ಕೊನೇತನಕ. ಮತ್ತೆ ಮಕ್ಕಳು ಬೇಕು ಅಂದ್ರೆ ಆಗಲ್ಲ. ಮನೇಲಿ ಕೂತು ಯೋಚನೆ ಮಾಡಪ್ಪ" ಅಂದಳು ನರ್ಸಮ್ಮ.

ಕೂತ. ಹೊಸ್ತಿಲ ಮೇಲೆ ಕೂತೇ ಕೂತ. ದನಕ್ಕೆ ನೀರಿಲ್ಲ, ಒಲೆಗೆ ಸೌದೆಯಿಲ್ಲ.

"ಏನೋ ಮಾಡ್ತಿದೀಯ?"

"ಯೋಚನೆ."

"ಯೋಚನೆ ಮಾಡಿದ್ದು ಸಾಕು! ಎದ್ದು ಹೋಗೋ!"

ಎದ್ದ. ಹೋದ. ಸೀದಾ ಆಸ್ಪತ್ರೆಗೇ! ಮಾಡಿಸಿಕೊಂಡು ಸಂಜೆಗೆ ಮೆಲ್ಲಗೆ ನಡೆದು ಬಂದ. "ವಾರ ಭಾರ ಎತ್ತಬಾರದಂತೆ, ಮೂರು ತಿಂಗಳು ನಿರೋಧ್ ಬಿಡಬಾರದಂತೆ, ಆಮೇಲೆ ಟೆಸ್ಟಂತೆ."

ತಾಯಿ ಎದೆ ಬಡಿದುಕೊಂಡಳು. "ಇನ್ನು ಊರಲ್ಲಿ ಹೆಂಗೋ ಮುಖ ಎತ್ಕೊಂಡು ತಿರುಗ್ತೀಯ?"

"ಹಿಂಗೆ!" ಅಂತ ಮುಖ ಆಕಾಶಕ್ಕೆತ್ತಿ ಹೊರಟವನು ತಿಪ್ಪೆಗುಂಡಿಗೆ ಬಿದ್ದ. "ಭಾರ ಎತ್ತಬೇಡ ಅಂದ್ರು ಕಣವ್ವ, ಮುಖ ಎತ್ತಬೇಡ ಅನ್ನಲಿಲ್ಲ!"

"ಅಯ್ಯೋ ಪೆದ್ದೇ! ನೆಲ ನೋಡ್ಕೊಂಡು ನಡಿ! ಯಾರು ಏನು ಕೇಳಿದ್ರೂ ಬಾಯಿ ಬಿಡಬೇಡ!"

ಮಾರನೇ ದಿನ ನೆಲ ನೋಡುತ್ತ ಅರಳಿಕಟ್ಟೆಗೆ ಹೋದ. ಕಟ್ಟೆ ಮೇಲಿದ್ದವರು ಕೇಳಿದರು: "ಮಾಡಿಸ್ಕೊಂಡೆಯಂತೆ?" ತುಟಿ ಬಿಗಿ. "ನೋವಾಯ್ತಾ?" ತುಟಿ ಬಿಗಿ. ಎಲೆಯಡಿಕೆ ಕೊಟ್ಟರೂ ತುಟಿ ಬಿಗಿ!

ಊರೆಲ್ಲ ಗುಲ್ಲು: "ಆಪರೇಷನ್ ಮಾಡಿಸ್ಕೊಂಡ್ರೆ ಮಾತೇ ನಿಂತೋಗುತ್ತಂತೆ!" ಆಪರೇಷನ್ನಿಗೆ ಒಪ್ಪಿದ್ದ ಬೇರೆ ಗಂಡಸರೂ ಹಿಂದೆ ಸರಿದರು. ಅವರ ಹೆಂಡಿರು ಬಂದು ದ್ಯಾವೀರಮ್ಮನ ಮುಂದೆ ಕಣ್ಣೀರಿಟ್ಟರು.

"ನನ್ನ ಮಗ ಮೂಗನಂತಾ?" ದ್ಯಾವೀರಮ್ಮ ಕೆರಳಿದಳು. "ಲೋ, ಇನ್ನು ಯಾರಾದ್ರೂ ಕೇಳಲಿ, ಊರಿಗೇ ಕೇಳೋ ಹಂಗೆ ಹೇಳು!"

ಮುಂದಿನ ವಾರ ಗೌಡರ ಮನೆ ಮದುವೆ. ಗೌಡ ಮೈಕು ಹಿಡಿದು ವಧೂವರರಿಗೆ "ಎಂಟು ಮಕ್ಕಳಾಗಲಿ" ಅಂತ ಹರಸಿ, ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದ ಬೋರಲಿಂಗನ ಮುಂದೆ ಬಂದ. "ಏನಪ್ಪ ಮೂಗಪ್ಪ, ನಿಂದು ನಾಲ್ಕನೇದು ಯಾವಾಗ?" ಅಂತ ನಕ್ಕು ಮೈಕು ಅವನ ಬಾಯಿಗೇ ಹಿಡಿದ.

ಬೋರಲಿಂಗ ಮೈಕು ಕಿತ್ತುಕೊಂಡ. "ನಾಲ್ಕನೇದು ಇಲ್ಲ! ಆಪರೇಷನ್ ಮಾಡಿಸ್ಕೊಂಡಿದೀನಿ! ನಂಗೆ ನನ್ನ ತಿಪ್ಪಿ ಬೇಕು!"

ಓಲಗ ನಿಂತಿತು. ಮದುಮಗಳು ಬಾಸಿಂಗದ ಹಿಂದೆ ಕಿಸಕ್ಕನೆ ನಕ್ಕಳು.

"ಮೈಕು ಬಿಡೋ!" ಗೌಡ ಗುಡುಗಿದ.

ಬಿಟ್ಟ. ಮೈಕು ಪಾಯಸದ ಕೊಳದಪ್ಪಲೆಗೆ ಬುಳುಕ್ಕನೆ ಬಿತ್ತು.

ಹೆಂಗಸರ ಪಂಕ್ತಿಯಿಂದ ತಿಪ್ಪಕ್ಕ ಎದ್ದು ನಿಂತಳು. "ಹಿಂದಿನ ಸಾಲಿಗೆ ಕೇಳಿಸಲಿಲ್ಲಾ! ಇನ್ನೊಂದ್ಸಲ ಹೇಳ್ರೀ!"

ಬೋರಲಿಂಗ ಸೌಟು ಹಿಡಿದೇ ಹಿಂದಿನ ಸಾಲಿಗೆ ನಡೆದ. ಉಣ್ಣುತ್ತಿದ್ದ ಒಬ್ಬೊಬ್ಬ ಗಂಡಸಿನ ಕಿವಿಗೂ ಬಗ್ಗಿ, ಅಷ್ಟೇ ಜೋರಾಗಿ, ಎಲ್ಲವನ್ನೂ ಮೊದಲಿಂದ ಹೇಳುತ್ತ ಹೋದ.