ಗಾಜಿನ ಶೆಡ್ಡಿನ ಕೊನೆಯ ಲೆಕ್ಕ

ಇದು ನಡೆದದ್ದು ಹೋದ ವರ್ಷ, ಮಾರ್ಚ್ ತಿಂಗಳಿನಲ್ಲಿ.

ನೀಲಗಂಗಾ ಆಶ್ರಮಕ್ಕೆ ಬಂದು ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಹೊಳೆಯಾಚೆಯ ಊರಿನಲ್ಲಿ ಅವಳದೊಂದು ಸಣ್ಣ ಕಂಪನಿ ಇತ್ತು. ಅಲ್ಲಿನ ಶೆಡ್ಡಿನಲ್ಲಿ ಶಾಲೆಯ ಪ್ರಯೋಗಾಲಯಗಳಿಗೆ ಗಾಜಿನ ಫ್ಲಾಸ್ಕು, ಪ್ರನಾಳ ಮಾಡುತ್ತಿದ್ದರು.

ಪ್ಲಾಸ್ಟಿಕ್ ಸಾಮಾನು ಬಂತು. ಆರ್ಡರುಗಳು ನಿಂತವು. ಅವಳು ಶೆಡ್ಡಿಗೆ ಕೀಲಿ ಹಾಕಿದಳು. ಕಂಪನಿಯನ್ನು ಮಾತ್ರ ಮುಚ್ಚಲಿಲ್ಲ.

ತಿಂಗಳಿಗೊಮ್ಮೆ ಅವಳು ಆಶ್ರಮದ ಹಿಂದಿನ ಗುಡ್ಡ ಹತ್ತುತ್ತಿದ್ದಳು. ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ.

ಆ ದಿನ ಅವಳು ಇಳಿದು ಬರುವಾಗ ಅಜ್ಜಾರು ಗುಡ್ಡದ ಬುಡದಲ್ಲಿ ಕುಳಿತಿದ್ದರು. ಆಶ್ರಮದ ಗುರುಗಳನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು.

"ಮ್ಯಾಲ ಏನ್ ಕೆಲಸ ಇತ್ತು, ತಂಗಿ?"

"ರಿಟರ್ನ್ ಕಳಿಸೀನ್ರಿ. ಜಿಎಸ್‌ಟಿದು."

"ಅದರಾಗ ಏನ್ ಬರದಿ?"

"ಸೊನ್ನಿರಿ. ಮಾರಿದ್ದು ಸೊನ್ನಿ, ಕೊಂಡದ್ದು ಸೊನ್ನಿ, ತೆರಿಗಿ ಸೊನ್ನಿ."

"ಸೊನ್ನಿ ಕಳಿಸಾಕ ಗುಡ್ಡಾ ಹತ್ತಬೇಕಾತು?"

"ಕಳಿಸದಿದ್ರ ದಂಡ ಬೀಳತೈತ್ರಿ. ಕಂಪನಿ ಇರೂತನಕ ಕಳಿಸಬೇಕು."

"ಕಂಪನಿ ಐತೇನು?"

"ಐತ್ರಿ. ಬರ್ನರ್ ಐತಿ, ಸಾಮಾನೈತಿ, ಕೀಲಿ ನನ್ನ ಹತ್ರ ಐತಿ. ಒಂದ್ ದೊಡ್ಡ ಆರ್ಡರ್ ಬಂದ್ರ ನಾಳೇನ ಶುರು ಮಾಡಬಹುದು."

"ಆರ್ಡರ್ ಯಾರ್ ಕೊಡಾವ್ರು?"

ಅವಳು ಫೋನನ್ನು ಚೀಲಕ್ಕೆ ಹಾಕಿ ಆಶ್ರಮದ ಕಡೆ ನಡೆದಳು.

ಗಾಜು ಮೆತ್ತಗಾಗುವ ಹೊತ್ತಿಗೆ ಬರ್ನರಿನ ನೀಲಿ ಜ್ವಾಲೆ ಹಳದಿಗೆ ತಿರುಗುತ್ತದೆ. ಗಾಜಿನಲ್ಲಿರುವ ಸೋಡಿಯಂ ಅದಕ್ಕೆ ಕಾರಣ. ನೀಲಗಂಗಾಳಿಗೆ ಕಾರಣ ಗೊತ್ತಿತ್ತು. ಆದರೂ ಸಂಜೆ ಹೊಳೆಯ ನೀರು ಹಳದಿಯಾದಾಗ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದಳು.

ಮರುದಿನ ದೋಣಿಯಲ್ಲಿ ದಾವಲಸಾಬ ಬಂದ. ಅವಳ ಶೆಡ್ಡಿನಲ್ಲಿ ಗಾಜು ಊದುತ್ತಿದ್ದವನು. ವಯಸ್ಸಿನಲ್ಲಿ ಅವಳ ತಂದೆಗೆ ಸಮ.

"ಬಾಯಾರ, ಆರಾಮದೀರಿ?"

"ಆರಾಮ್ ಕಾಕಾ. ಈಗ ಏನ್ ಮಾಡಾಕತ್ತೀರಿ?"

"ಸೈಕಲ್ ಅಂಗಡ್ಯಾಗ ಕೂತೀನ್ರಿ. ದಿನಾ ಟ್ಯೂಬಿಗೆ ಗಾಳಿ ತುಂಬತೀನಿ. ಅಜ್ಜಾ, ನಿನ್ನ ಊದೂ ಕೆಲಸ ತಪ್ಪಲಿಲ್ಲ ನೋಡು ಅಂತ ಮೊಮ್ಮಕ್ಕಳು ನಗತಾವು."

ಅವಳೂ ನಕ್ಕಳು.

"ಒಂದ್ ಮಾತ್ ಕೇಳಾಕ ಬಂದೀನ್ರಿ. ಆ ದೊಡ್ಡ ಬರ್ನರ್ ನನಗ ಕೊಡ್ರಿ. ಸುಮ್ನ ಬ್ಯಾಡ, ರೇಟು ನೀವ ಹೇಳ್ರಿ. ಒಡದ ಸಾಮಾನ ಜೋಡಿಸಿ ಕೊಡು ಅಂತ ಕಾಲೇಜಿನವರು ಕೇಳ್ಯಾರ. ಹಿತ್ತಲದಾಗ ಕೂತು ಮಾಡತೀನಿ."

ಅವಳ ನಗು ನಿಂತಿತು.

"ಕೊಡಾಕ ಬರೂದಿಲ್ಲ ಕಾಕಾ. ಅದು ಕಂಪನಿದು."

"ಕಂಪನಿ ಬಂದ್ ಆಗೇತಲ್ರಿ?"

"ಬಂದ್ ಆಗಿಲ್ಲ. ನಡದೈತಿ."

"ನಡದೈತಿ?" ದಾವಲಸಾಬ ಗಡ್ಡ ಕೆರೆದುಕೊಂಡ. "ಹಂಗಾದ್ರ ನನ್ನ ಎರಡ ವರ್ಷದ ಪಗಾರ ಯಾವಾಗ ಬರ್ಲಿ ಇಸಕೊಳ್ಳಾಕ?"

ಅವಳು ತಲೆ ತಗ್ಗಿಸಿ ಒಳಗೆ ಹೋದಳು.

ಆ ಆಶ್ರಮದಲ್ಲಿ ದಾಸೋಹದ ಮನೆಗೆ ಬಾಗಿಲು ಹಾಕುವ ರೂಢಿ ಇರಲಿಲ್ಲ. ಯಾವ ಹೊತ್ತಿನಲ್ಲಿ ಯಾರು ಬಂದರೂ ಉಂಡು ಹೋಗಬೇಕು. ಆ ಮಧ್ಯಾಹ್ನ ಬಾಗಿಲಿಗೆ ಬೀಗ ಬಿದ್ದಿತ್ತು. ದಾವಲಸಾಬ ಮೆಟ್ಟಿಲ ಮೇಲೆ ಕುಳಿತು ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ.

ನೀಲಗಂಗಾ ಅಜ್ಜಾರನ್ನು ಹುಡುಕಿಕೊಂಡು ಹೋದಳು. ಅವರು ಬೇವಿನ ಮರದ ಕೆಳಗೆ ಇದ್ದರು. ಕೀಲಿ ಅವರ ಮುಂದೆ ನೆಲದ ಮೇಲಿತ್ತು.

"ಅಜ್ಜಾರ, ಕಾಕಾ ಹಸದಾರ್ರಿ. ದಾಸೋಹದ ಮನಿಗೆ ಬೀಗ ಐತಿ."

"ಹೌದು. ದಾಸೋಹ ನಡದೈತಿ."

"ಎಲ್ಲಿ ನಡದೈತ್ರಿ? ಬಾಗಲಾ ಹಾಕೇತಿ."

"ಒಲಿ ಐತಿ. ಜ್ವಾಳದ ಹಿಟ್ಟೈತಿ. ಕೀಲಿ ನನ್ನ ಹತ್ರ ಐತಿ."

"ಉಣ್ಣಾವ್ರು ಹೊರಗ ಕುಂತಾರಲ್ರಿ."

"ಇವತ್ತ ಉಂಡಾವ್ರು ಸೊನ್ನಿ ಅಂತ ಬರಸ್ತೀನಿ."

ಅವಳ ಮುಖ ಕೆಂಪಾಯಿತು. ಬಗ್ಗಿ ಕೀಲಿ ಎತ್ತಿಕೊಂಡಳು.

ರೊಟ್ಟಿ ಅವಳೇ ಬಡಿದಳು. ದಾವಲಸಾಬ ಉಂಡು ಕೈ ತೊಳೆಯುವಾಗ ನೀರು ಹಾಕುತ್ತ ಹೇಳಿದಳು.

"ಕಾಕಾ, ಬರ್ನರ್ ಒಯ್ರಿ. ಸ್ವಲ್ಪ ದಿನ ತಡೀರಿ. ಬಿಲ್ ಮಾಡಿ, ತೆರಿಗಿ ತುಂಬಿ ಕೊಡತೀನಿ."

"ಕಂಪನಿ?"

"ಮುಚ್ಚತೀನಿ."

ದಾವಲಸಾಬ ಒದ್ದೆ ಕೈಯನ್ನು ಹಾಗೇ ಹಿಡಿದು ನಿಂತ. "ಮುಚ್ರಿ ಅನ್ನಾಕ ಬಂದಿರಲಿಲ್ಲರಿ ನಾನು," ಎಂದ.

"ಗೊತ್ತೈತಿ ಕಾಕಾ."

ಅವನ ದೋಣಿ ಆಚೆ ದಡ ಸೇರುವವರೆಗೂ ಅವಳು ನೋಡಿದಳು. ಆಮೇಲೆ ಅಜ್ಜಾರ ಬಳಿ ಬಂದು ಕುಳಿತಳು.

"ಮುಚ್ಚೂದಕ್ಕೂ ಒಂದ್ ರಿಟರ್ನ್ ಐತ್ರಿ, ಕಡೀದು. ಶೆಡ್ಡಿನ್ಯಾಗ ಉಳದ ಸಾಮಾನೆಲ್ಲಾ ಎಣಿಸಿ ತೋರಿಸಬೇಕು. ಅದಕ್ಕೂ ತೆರಿಗಿ ಐತಿ."

"ಎಣಸು."

"ಒಬ್ಬಾಕಿಗೇ ಬಾಗಲಾ ತಗ್ಯಾಕ ಆಗೂದಿಲ್ಲರಿ."

"ನಡಿ, ನಾನೂ ಬರತೀನಿ."

ಇಬ್ಬರೂ ಹೊಳೆ ದಾಟಿ ಹೋಗಿ ಬಾಗಿಲು ತೆಗೆದರು. ಶೆಡ್ಡಿನಲ್ಲಿ ಧೂಳಿನ ವಾಸನೆ ಇತ್ತು. ಗ್ಯಾಸಿನ ವಾಸನೆ ಹೋಗಿಬಿಟ್ಟಿತ್ತು. ಅವಳು ಎರಡು ಸಲ ಮೂಗಿನಿಂದ ಉಸಿರು ಎಳೆದುಕೊಂಡು ನೋಡಿದಳು.

ಕಪಾಟುಗಳಿಂದ ಅವಳು ಒಂದೊಂದೇ ಇಳಿಸಿ, ಲೆಕ್ಕ ಬರೆದುಕೊಂಡು ಕೊಟ್ಟಳು. ಅಜ್ಜಾರು ಧೋತರದ ಚುಂಗಿನಿಂದ ಒರೆಸಿ ನೆಲದ ಮೇಲೆ ಸಾಲಾಗಿ ಇಟ್ಟರು. ಕಿಟಕಿಯ ಬಿಸಿಲು ಸಾಲಿನ ಈ ತುದಿಯಿಂದ ಆ ತುದಿಗೆ ಸರಿಯಿತು.

ಕೊನೆಯ ಕಪಾಟಿನ ಹಿಂದೆ, ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಫ್ಲಾಸ್ಕ್ ಇತ್ತು. ಅವಳು ಅದನ್ನು ಬಿಚ್ಚಿ ನೋಡಿದಳು. ಮತ್ತೆ ಸುತ್ತಿ ತನ್ನ ಚೀಲದೊಳಗೆ ಇಟ್ಟಳು.

"ಅದು?" ಅಜ್ಜಾರು ಕೇಳಿದರು.

"ಇದು ಲೆಕ್ಕಕ್ಕ ಬ್ಯಾಡ್ರಿ. ಶೆಡ್ಡ್ ಶುರುವಾದ ದಿನ ನಾನ ಊದಿದ್ದು. ಕುತ್ತಿಗಿ ಸೊಟ್ಟ ಆಗೇತಿ. ಯಾರೂ ಕೊಳ್ಳೂದಿಲ್ಲ."

"ನಿನಗ ಬೇಕು ಅಂದ್ರ ಇಟ್ಕೋ. ಎಣಿಸಿ ಇಟ್ಕೋ."

"ಎಣಿಸಿದ್ರ ಇದೂ ಮುಗದಂಗ ಅಜ್ಜಾರ." ಅವಳ ದನಿ ಸಣ್ಣಗಾಯಿತು. "ಇದೊಂದ ಉಳೀಲಿ. ಇದೊಂದು ಹೊರಗ ಇದ್ರ, ಕಂಪನಿ ಪೂರ್ತಿ ಹೋಗಿಲ್ಲ ಅನಸತೈತಿ."

ಅಜ್ಜಾರು ಕೈ ಚಾಚಿದರು.

ಅವಳು ಬಹಳ ಹೊತ್ತು ಕೊಡಲಿಲ್ಲ. ಆಮೇಲೆ ಕೊಟ್ಟಳು.

ಅವರು ಪೇಪರು ಬಿಡಿಸಿದರು. ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೊಟ್ಟ ಕುತ್ತಿಗೆಯ ಮೇಲೆ ಬೆರಳಾಡಿಸಿದರು. ಒರೆಸಿದರು. ಸಾಲಿನ ತುದಿಯಲ್ಲಿ, ಉಳಿದವುಗಳ ಪಕ್ಕ ಇಟ್ಟರು.

"ಎಷ್ಟ್ ಬರದೀದಿ?"

"ಇನ್ನೂರ ಹದಿಮೂರು, ಅಜ್ಜಾರ."

"ಇನ್ನೂರ ಹದಿನಾಲ್ಕು."